ತಾಯಿಯ ಕಡೆಯ ಸಾಕ್ಷಿ

ನಾಲ್ಕನೇ ತಾರೀಕು ಬೆಳಿಗ್ಗೆ ಹತ್ತು ಹತ್ತಕ್ಕೆ ಜೋಳದ ತಳಿ ತಜ್ಞೆಯೊಬ್ಬರು ಠಾಣೆಗೆ ಬಂದರು. ಕುರ್ಚಿ ತೋರಿಸಿದರೂ ಕೂರದೆ ನಿಂತೇ ದೂರು ಹೇಳಿದರು. ಹೈಬ್ರಿಡ್‌ಗೆ ತಾಯಿಯಾಗಲೆಂದು ಅವರು ಬೆಳೆಸಿದ್ದ ತಳಿಯ ಬೀಜ ಕಳುವಾಗಿತ್ತು. ಕದ್ದವನು ಹಳೆಯ ಸಹಾಯಕ. ತೆನೆಗಳಿಗೆ ಕಾಗದದ ಚೀಲ ಕಟ್ಟುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ಚೀಲದಣ್ಣ.

"ಅಂಥದ್ದೇನಿದೆ ಆ ಬೀಜದಲ್ಲಿ?" ಇನ್‌ಸ್ಪೆಕ್ಟರ್ ಕೇಳಿದರು.

"ಪರಾಗ ಬಿಡದ ಜೋಳ ಅದು. ಅಂಥ ತಾಯಿ ಇದ್ರೇನೇ ಹೈಬ್ರಿಡ್ ಬೀಜ ಮಾಡೋದು ಸಲೀಸು. ಅವನು ತನ್ನ ತಳಿ ಅಂತ ನೋಂದಣಿಗೆ ಹಾಕಿದಾನೆ. ಮೂವತ್ತಕ್ಕೆ ತೀರ್ಮಾನ. ಅವನಿಗೆ ಸಿಕ್ಕರೆ ನನ್ನ ಹತ್ತೊಂಬತ್ತು ವರ್ಷ ಹೊಳೇಲಿ ಹುಣಸೆಹಣ್ಣು ತೊಳೆದಂಗೆ."

ಎಫ್‌ಐಆರ್ ದಾಖಲಾಯಿತು. ಮರುದಿನ ಚೀಲದಣ್ಣನ ಹೊಲದಲ್ಲೇ ಪಂಚನಾಮೆ. ಅವನ ಮುಖದಲ್ಲಿ ಅಳುಕಿರಲಿಲ್ಲ.

"ತಳಿ ಎಲ್ಲಿಂದ ಬಂತು?"

"ನನ್ನ ಹೊಲದ್ದೇ."

"ಸಾಕ್ಷಿ?"

"ಗಿಡಾನೇ ಸಾಕ್ಷಿ. ಅವರದ್ದು ಗಿಡ್ಡ, ಕೆಂಪು ಕಾಳು. ನಂದು ಆಳೆತ್ತರ, ಬಿಳಿ ಕಾಳು. ಪರೀಕ್ಷೆ ಮಾಡಿಸಿ ಸಾರ್."

ಹದಿನಾರಕ್ಕೆ ಎರಡೂ ಬೀಜಗಳ ಡಿಎನ್‌ಎ ವರದಿ ಬಂತು. ಎರಡು ತಳಿಗೂ ಸಂಬಂಧವೇ ಕಾಣುತ್ತಿಲ್ಲ. ಇನ್‌ಸ್ಪೆಕ್ಟರ್ ಮುಖ ಹುಳ್ಳಗಾಯಿತು.

"ಬೆಟ್ಟ ಅಗೆದರೆ ಇಲಿಯಾದ್ರೂ ಸಿಗಬೇಕಿತ್ತು ಸಾರ್," ಎಂದು ಹೆಡ್ ಕಾನ್‌ಸ್ಟೇಬಲ್ ಹೊಟ್ಟೆ ಉರಿಸಿದರು.

ಇನ್‌ಸ್ಪೆಕ್ಟರ್ ನಾಚಿಕೆ ಬಿಟ್ಟು ವರದಿಯನ್ನು ತಜ್ಞೆಯ ಪ್ರಯೋಗಾಲಯಕ್ಕೇ ಒಯ್ದರು. ಆಕೆ ಓದಿ ನಕ್ಕುಬಿಟ್ಟರು.

"ನೀವು ಅಪ್ಪನ ಮನೆ ಬಾಗಿಲು ತಟ್ಟಿದೀರಿ. ನನ್ನ ಗಿಡಕ್ಕೆ ಅವನು ತನ್ನ ಜೋಳದ ಪರಾಗ ಹಾಕಿದಾನೆ. ಹುಟ್ಟಿದ ಮಗಳಿಗೂ ಅದೇ, ಮೊಮ್ಮಗಳಿಗೂ ಅದೇ, ಹೀಗೆ ಎಂಟು ತಲೆಮಾರು. ಬಣ್ಣ, ಎತ್ತರ ಎಲ್ಲಾ ಅಪ್ಪನದಾಯ್ತು. ಆದ್ರೆ ಜೀವಕೋಶದಲ್ಲಿ ಮೈಟೊಕಾಂಡ್ರಿಯ ಅಂತಿದೆ. ಅದಕ್ಕೆ ಅದರದ್ದೇ ಜೀನು, ಅದು ತಾಯಿಯಿಂದ ಮಾತ್ರ ಬರೋದು. ನನ್ನ ತಳೀಲಿ ಅದರದ್ದೊಂದು ಜೀನು ವಿಚಿತ್ರ. ಅದು ಕೆಲಸ ಮಾಡಿದ್ರೆ ಪರಾಗ ಹುಟ್ಟಲ್ಲ."

"ಅವನು ಅದನ್ನೂ ಬದಲಿಸಿದ್ರೆ?"

"ಬದಲಿಸಿದ್ರೆ ಪರಾಗ ಬಂದ್ಬಿಡುತ್ತೆ. ಮತ್ತೆ ಕದ್ದದ್ದು ಯಾತಕ್ಕೆ?"

ಇನ್‌ಸ್ಪೆಕ್ಟರ್‌ಗೆ ಕುಣಿಯಬೇಕೆನ್ನಿಸಿತು. ಕಳ್ಳ ಬಿಸಾಡಲಾಗದ ಸಾಕ್ಷಿ! ಶೀತಗೃಹದಲ್ಲಿ ಏಳು ವರ್ಷದಿಂದ ಮೊಹರಾಗಿದ್ದ ತಜ್ಞೆಯ ಮೂಲ ಬೀಜದ ಪೊಟ್ಟಣವನ್ನು ಪಂಚರ ಮುಂದೆ ಒಡೆದು, ಅದನ್ನೂ ಚೀಲದಣ್ಣನ ಬೀಜವನ್ನೂ ತಾಯಿ ಕಡೆಯ ಪರೀಕ್ಷೆಗೆ ಕಳಿಸಿದರು.

ಇಪ್ಪತ್ತೇಳು, ಸಂಜೆ ನಾಲ್ಕಕ್ಕೆ ವರದಿ. ಆ ವಿಚಿತ್ರ ಜೀನು ಎರಡರಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ; ತಾಳೆ ನೋಡಿದ ಬೇರೆ ಇನ್ನೂರು ತಳಿಗಳಲ್ಲಿ ಎಲ್ಲೂ ಇಲ್ಲ. ಐದಕ್ಕೆ ಜೀಪು ಹೊಲದ ಬದುವಿನಲ್ಲಿತ್ತು.

"ಎಂಟು ಸಲ ಸುಣ್ಣ ಬಳಿದೆ, ಸರಿ," ಎಂದರು ಹೆಡ್ ಕಾನ್‌ಸ್ಟೇಬಲ್. "ಅಡಿಪಾಯ ಯಾರದ್ದಪ್ಪಾ?"

ಚೀಲದಣ್ಣ ವರದಿ ಓದಿ ಬದುವಿನ ಮೇಲೆ ಕುಳಿತ. "ಚೀಲ ಕೊಡವಿದ್ರೆ ಪರಾಗದ ಹಳದಿ ಪುಡಿ ಬೀಳ್ಬೇಕು. ಅವರ ಹೊಲದಲ್ಲಿದ್ದಾಗ ಒಂದು ಚೀಲದಲ್ಲಿ ಬೀಳಲಿಲ್ಲ. ಆ ಗಿಡ ಮೊದಲು ಕಂಡಿದ್ದು ನಾನು ಸಾರ್. ಅವರ ಬರಹದಲ್ಲಿ ಎಲ್ಲೂ ನನ್ನ ಹೆಸರಿಲ್ಲ."

ಬಂಧಿಸಿ ಕರೆತಂದ ಮೇಲೆ ಇನ್‌ಸ್ಪೆಕ್ಟರ್ ಈ ಮಾತನ್ನು ತಜ್ಞೆಗೆ ತಿಳಿಸಿದರು.

"ನಿಜ. ಕಂಡಿದ್ದು ಅವನೇ," ಎಂದರು ಆಕೆ.

ಮೂವತ್ತರಂದು ಆ ತಳಿಯ ನೋಂದಣಿ ತಜ್ಞೆಯ ಪಾಲಾಯಿತು. ನೋಂದಣಿ ಕಚೇರಿಯ ಸಭಾಂಗಣದಲ್ಲಿ ಚಪ್ಪಾಳೆ ನಿಲ್ಲಲೇ ಇಲ್ಲ. ಹಿಂದಿನ ಸಾಲಿನಲ್ಲಿದ್ದ ಇನ್‌ಸ್ಪೆಕ್ಟರ್ ಅಂಗೈ ಕೆಂಪಾಗುವಷ್ಟು ತಟ್ಟಿದರು. ಆಕೆ ನೋಂದಣಿ ಪತ್ರಕ್ಕೆ ಸಹಿ ಹಾಕುವ ಮುನ್ನ ಪೆನ್ನು ತಡೆದು, 'ಮೊದಲು ಗುರುತಿಸಿದವರು' ಎಂಬ ಖಾಲಿ ಅಂಕಣದಲ್ಲಿ ಲಾಕಪ್ಪಿನಲ್ಲಿದ್ದವನ ಪೂರ್ತಿ ಹೆಸರು ಬರೆದರು.