ಪಾಂಡೆಲಿಸರ ಮಣಿಸರ

ಅಪ್ಪನ ಮಣಿಸರದ ಸದ್ದು ಕೇಳಿ ಅಸಿಮಿನಾ ಬಾಗಿಲು ತೆರೆದಳು.

ಮನಸ್ಸಿನ ಭಾರ ಇಳಿಯಲೆಂದು ಕೈಯಲ್ಲಿ ಮಣಿಸರ ಆಡಿಸುತ್ತಲೇ ನಡೆಯುವ ಗಂಡಸರು ನಾಫ್ಲಿಯೋ ಬಂದರಿನಲ್ಲಿ ಎಷ್ಟೋ ಮಂದಿ. ಆದರೆ ಪಾಂಡೆಲಿಸರ ಹಳೆಯ ಅಂಬರ್ ಮಣಿಗಳ ಮೆತ್ತನೆಯ ಸದ್ದು ಮಗಳಿಗೆ ಬೇರೆಯಾಗಿಯೇ ಕೇಳುತ್ತಿತ್ತು.

ನಿಂತಿದ್ದವನು ಅಪ್ಪನಲ್ಲ... ಆರ್ಗಿರಿಸ್! ಬಂದರುಕಟ್ಟೆಯಲ್ಲಿ ಬೆರಳ ಮೇಲೆ ತಿರುಗಿಸಿ ಆಡುವ ಪ್ಲಾಸ್ಟಿಕ್ ತಿರುಗಣೆಗಳನ್ನೂ ಹಿಸುಕುವ ರಬ್ಬರ್ ಗೊಂಬೆಗಳನ್ನೂ ಮಾರುವವನು. ಅವನ ಕೈಯಲ್ಲಿ ಅಪ್ಪನ ಸರ ಟಕಟಕ ಆಡುತ್ತಲೇ ಇತ್ತು. ಹಿಂದೆ ಕಾಫಿ ಅಂಗಡಿಯವರು ಅಪ್ಪನನ್ನು ಹೊತ್ತು ತರುತ್ತಿದ್ದರು. ಉಸಿರು ದಾರಿಯಲ್ಲೇ ನಿಂತಿತ್ತು.

ಸಾವಿನ ಮುಂದೆ ಸರವನ್ನು ಸದ್ದಿಲ್ಲದೆ, ಒಂದೊಂದೇ ಮಣಿಯಾಗಿ ಸರಿಸುವುದು ಊರಿನ ಮರ್ಯಾದೆ.

"ನಿಲ್ಸೋ ಅದನ್ನ," ಎಂದಳು ಅಸಿಮಿನಾ. "ನಾಚಿಕೆ ಆಗಲ್ವಾ ನಿನಗೆ?"

ಅವನು ಸರವನ್ನು ಅವಳ ಅಂಗೈಯಲ್ಲಿಟ್ಟು ತಲೆ ತಗ್ಗಿಸಿದ. ಆಮೇಲೆ ಮಾತನಾಡಲು ಬಂದಾಗಲೆಲ್ಲ ಅವಳು ಬಾಗಿಲು ಹಾಕಿಕೊಂಡಳು.

ಅಪ್ಪನ ಮಣಿ ಅಂಗಡಿಯನ್ನು ಮಾರಿಬಿಡೋಣವೆಂದು ಚಿಕ್ಕಪ್ಪ ಮಾಂಥೋಸ್ ಹಟ ಹಿಡಿದ. ಹೆಣ್ಣು ಪೋಣಿಸಿದ ಸರವನ್ನು ಯಾವ ಗಂಡಸು ಹಿಡಿದಾನು? ಈಗಿನವರಿಗೆ ತಿರುಗಣೆಯೇ ಸಾಕಲ್ಲ ಎಂದ. ಇದು ಆರ್ಗಿರಿಸ್ ತುಂಬಿದ ಮಾತೇ ಎಂದುಕೊಂಡಳು ಅಸಿಮಿನಾ. ಕಪ್ಪು ಉಡುಪಿನಲ್ಲೇ ಅಪ್ಪನ ಪೀಠದಲ್ಲಿ ಕುಳಿತು ದಾರ ಎತ್ತಿಕೊಂಡಳು.

"ಅಂಗಡಿ ಮುಚ್ಚಲ್ಲ ಚಿಕ್ಕಪ್ಪ. ಯಾರೂ ಕೊಳ್ಳದಿದ್ರೆ ಎಲ್ಲಾನೂ ನಾನೇ ಆಡಿಸ್ಕೊಂಡು ಕೂತ್ಕೋತೀನಿ."

ಸಾವಿನ ನಲವತ್ತನೆಯ ದಿನದ ಸ್ಮರಣೆಯ ಹಿಂದಿನ ದಿನ, ಚರ್ಚಿನಲ್ಲಿ ಹಂಚುವ ಪ್ರಸಾದದ ಗೋಧಿಯನ್ನು ಬೇಯಿಸಿಟ್ಟು, ಅವಳು ನೇರವಾಗಿ ಬಂದರುಕಟ್ಟೆಗೆ ನಡೆದಳು.

"ನಮ್ಮ ಅಂಗಡಿ ಮೇಲೆ ಕಣ್ಣು ಹಾಕಿದೀಯಾ?"

"ನನಗೆ ಬೇಕಿರೋದು ಅಂಗಡಿ ಅಲ್ಲ."

ಅವಳಿಗೆ ಆ ಮಾತಿನ ಅರ್ಥ ಹೊಳೆಯಿತು. ಆದರೂ ಬಿಡಲಿಲ್ಲ. "ಮತ್ತೆ ಆವತ್ತು ಯಾಕೆ ಹಾಗೆ ಸದ್ದು ಮಾಡ್ದೆ?"

ಆರ್ಗಿರಿಸ್ ತಡೆದು ತಡೆದು ಹೇಳಿದ. ಕಾಫಿ ಅಂಗಡಿಯಲ್ಲಿ ಕುಸಿದ ಪಾಂಡೆಲಿಸರಿಗೆ ಬೆರಳು ಆಡಲಿಲ್ಲವಂತೆ. ಪಕ್ಕದಲ್ಲಿದ್ದ ಇವನ ಕೈಗೆ ಸರ ಕೊಟ್ಟರಂತೆ.

"'ಮನೆ ಸೇರೋವರೆಗೂ ನಿಲ್ಲಿಸಬೇಡ ಮಗಾ, ಇದು ಕೇಳಿದ್ರೆ ಅಸಿಮಿನಾ ಬಾಗಿಲು ತೆಗೀತಾಳೆ' ಅಂದ್ರು. ಮಾತು ಕೊಟ್ಟಿದ್ದೆ. ನಿನ್ನ ಮುಖ ನೋಡಿದ ಮೇಲೆ... ಹೇಳೋಕೆ ನಾಲಿಗೆ ಏಳಲಿಲ್ಲ."

ಅವಳು ಕಟ್ಟೆಯ ಮೇಲೆ ಕುಳಿತಳು. ಅಷ್ಟು ದಿನ ಬಾರದ ಅಳು ಬಂತು. ದಾರಿಹೋಕರಿಗೆ ಕಾಣದಂತೆ ಆರ್ಗಿರಿಸ್ ಅಡ್ಡ ನಿಂತ.

ಬಹಳ ಹೊತ್ತಿನ ಮೇಲೆ ಅವಳು ಕಣ್ಣೊರೆಸಿಕೊಂಡಳು.

"ನಿನಗೆ ಬೇಕಿರೋದು ನಾನಾದ್ರೆ ಕೇಳು. ನನ್ನನ್ನ ಮದುವೆಯಾದ್ರೂ ನಾನು ಅಂಗಡಿ ಬಿಡಲ್ಲ. ಚಿಕ್ಕಪ್ಪನ ಜಗಳ ನಿನ್ನ ತಲೆಗೂ ಬರುತ್ತೆ."

"ಬರಲಿ. ಎಷ್ಟೋ ದಿನದಿಂದ ಕಾಯ್ತಿದೀನಿ."

"ಯಾವುದಕ್ಕೆ, ಜಗಳಕ್ಕಾ?"

"ನಿನ್ನ ಪಕ್ಕ ನಿಲ್ಲೋದಕ್ಕೆ."

ಮರುದಿನ ಚರ್ಚಿನಲ್ಲಿ, ಊರೆಲ್ಲ ನೋಡುತ್ತಿದ್ದಂತೆ, ಅವನು ಅವಳ ಪಕ್ಕದಲ್ಲೇ ನಿಂತ. ಸೋಮವಾರದಿಂದ ಅಂಗಡಿ ತೆರೆದಿರುತ್ತದೆ ಎಂದು ಅವಳು ಹೇಳಿದಾಗ ಮಾಂಥೋಸ್ ಮುಖ ತಿರುಗಿಸಿದ, ಆದರೆ ಅವಳು ನೀಡಿದ ಗೋಧಿಯ ಪ್ರಸಾದವನ್ನು ಬೇಡವೆನ್ನಲಿಲ್ಲ. ಪಾದ್ರಿಗಳು ಧೂಪ ಬೀಸಿ ಪ್ರಾರ್ಥನೆ ಹೇಳಿದರು. ಇಬ್ಬರೂ ತಲೆಬಾಗಿದರು.

ಒಡೆಯನೇ, ದುಡಿದು ದಣಿದ ನಿನ್ನ ಸೇವಕ ಪಾಂಡೆಲಿಸನನ್ನು ನೋವಿಲ್ಲದ, ನಿಟ್ಟುಸಿರಿಲ್ಲದ ನಿನ್ನ ಬೆಳಕಿನಲ್ಲಿ ವಿಶ್ರಮಿಸಗೊಡು. ಅವನ ಆತ್ಮಕ್ಕೆ ಶಾಂತಿಯಿರಲಿ. ಆಮೆನ್.