ನಲವತ್ತೊಂದು ಟಿಪ್ಪಣಿ

ನಂದಾ ಬರೆದ ಆ ಮೇಲ್‌ನಲ್ಲಿ ಒಂದು ತಪ್ಪೂ ಇರಲಿಲ್ಲ. ಕಾಗುಣಿತ ಸರಿ, ವಿನಯ ಸರಿ, ವಿಷಯ ಮೂರೇ ಸಾಲು. "ತೋಟದಿಂದ ತಾವು ಕಳಿಸುವ ಮೆಸೇಜುಗಳ ಜೊತೆ 'ಟಿಪ್ಪಣಿ' ಎಂಬುದೊಂದು ಬರುತ್ತಿದೆ. ಅದು ನಮ್ಮ ಉಪಯೋಗಕ್ಕೆ ಬರುವಂಥದ್ದಲ್ಲ. ದಯವಿಟ್ಟು ಇನ್ನು ಮುಂದೆ ಕಳಿಸುವುದನ್ನು ನಿಲ್ಲಿಸಿ." ಧರ್ಮರಾಜನ ಹೆಸರಿಗೆ ಕಳಿಸಿ, ಆಫೀಸಿನ ರೂಢಿಯಂತೆ ಮಾಲೀಕ ಸಿದ್ದಲಿಂಗೇಶನಿಗೂ ಒಂದು ಪ್ರತಿ ಹಾಕಿದಳು. ಮುಗಿಸುವಾಗ ಚಹಾ ಇನ್ನೂ ಬಿಸಿಯಿತ್ತು.

ಒಬ್ಬ ಮನುಷ್ಯನ ಎದೆ ಒಡೆಯಲು ಅಷ್ಟು ಕಡಿಮೆ ಹೊತ್ತು ಸಾಕೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗಲು ಮೂರು ವಾರ ಹಿಡಿಯಿತು.

ವಿಜಯಪುರದ ಜೋರಾಪುರ ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲೆ ಅವರ ಆಫೀಸು. ದ್ರಾಕ್ಷಿ ತೋಟಗಳಿಗೆ ಇವತ್ತು ಔಷಧ ಹೊಡೆಯಿರಿ, ಇವತ್ತು ಬೇಡ ಎಂದು ರೈತರ ಫೋನಿಗೆ ಹೇಳುವುದು ಅವರ ವ್ಯಾಪಾರ. ಧರ್ಮರಾಜ ಬೈಕಿನ ಮೇಲೆ ಟಿಕೋಟಾ, ಘೋಣಸಗಿ, ಬಬಲೇಶ್ವರ, ಮಮದಾಪುರ ಸುತ್ತಿ ಬಳ್ಳಿಗಳನ್ನು ನೋಡಿ, ತಾನೇ ಬರೆದ ಆ್ಯಪಿನಿಂದ ದಿನಕ್ಕೊಂದು ಮೆಸೇಜು ಕಳಿಸುವವನು. ಅದನ್ನು ಬಿಡಿಸಿಕೊಂಡು ಓದುವ ಪ್ರೋಗ್ರಾಮು ನಂದಾಳದು.

ಮೆಸೇಜಿನ ಅಂಗರಚನೆಯನ್ನು ಅವನಿಗೆ ಕಲಿಸಿದವಳೂ ಅವಳೇ. ಲಕೋಟೆ ಇದ್ದ ಹಾಗೆ, ಎಂದಿದ್ದಳು. ಒಳಗಿನ ಕಾಗದದಲ್ಲಿ ತೇವಾಂಶ, ಎಲೆಯ ಸ್ಥಿತಿ. ಲಕೋಟೆಯ ಮೇಲೆ ಪ್ರಾಪರ್ಟಿಗಳು: ಹೊರಟ ಹೊತ್ತು, ಎಷ್ಟು ತುರ್ತು, ಎಷ್ಟು ಹೊತ್ತು ಕಳೆದರೆ ಓದಿ ಪ್ರಯೋಜನವಿಲ್ಲ. ಒಂದೊಂದಕ್ಕೂ ಅದರದೇ ಟೈಪ್. ಹೊತ್ತು ಅಂಕಿಯಾಗಿರಬೇಕು, ಊರು ಅಕ್ಷರವಾಗಿರಬೇಕು, ರೋಗ ಕಂಡಿತೇ ಎಂದರೆ ಹೌದು ಅಥವಾ ಇಲ್ಲ. ಇಷ್ಟಾದ ಮೇಲೆ ಲಕೋಟೆಯ ಮೂಲೆಯಲ್ಲಿ ಒಂದಿಷ್ಟು ಖಾಲಿ ಜಾಗವೂ ಉಂಟು.

"ಅಲ್ಲಿ ನಿಮಗ ಬೇಕಾದ್ದ ಹಾಕ್ರಿ," ಎಂದಿದ್ದಳು. "ನಾ ಅಂತೂ ದಿನಾ ಮುಂಜಾನೆ ಎಲ್ಲಾ ನೋಡೇ ನೋಡ್ತೇನಿ."

ಅವನು ಆಗ ಅವಳ ಮುಖವನ್ನು ಒಂದು ಕ್ಷಣ ಹೆಚ್ಚು ನೋಡಿದ್ದ. ಪಾಠ ಅರ್ಥವಾಗಿರಬೇಕು ಎಂದುಕೊಂಡಿದ್ದಳು. ಓದಿದ ಹುಡುಗಿಯರು ಕೆಲವು ವಿಷಯದಲ್ಲಿ ಬಹಳ ದಡ್ಡರಾಗಿರುತ್ತಾರೆ.

ಅಂದಿನಿಂದ ಶನಿವಾರಕ್ಕೊಮ್ಮೆ ಅವನು ಆಫೀಸಿಗೆ ಬರುತ್ತಿದ್ದ. ತೋಟದಲ್ಲಿ ತೇವಾಂಶ ಅಳೆಯಲು ಇಟ್ಟ ಡಬ್ಬಿಗಳಲ್ಲಿ ಕೆಟ್ಟದ್ದೊಂದನ್ನು ನೆಪಕ್ಕೆ ತರುತ್ತಿದ್ದ. ಕೆಲವೊಮ್ಮೆ ಅದು ಕೆಟ್ಟಿರುತ್ತಲೂ ಇರಲಿಲ್ಲ. ಅವಳ ಎದುರಿನ ಕುರ್ಚಿಯಲ್ಲಿ ಕೂತು, ಅವಳು ಸ್ಕ್ರೀನ್ ನೋಡುವಾಗ ಅವಳನ್ನೂ, ಅವಳು ತನ್ನನ್ನು ನೋಡುವಾಗ ಸ್ಕ್ರೀನನ್ನೂ ನೋಡುತ್ತಿದ್ದ. ಈ ಹೊಂದಾಣಿಕೆಯಲ್ಲಿ ಇಬ್ಬರೂ ಪಳಗಿದ್ದರು. ರೈತರಿಗೆ ಫೋನು ಮಾಡುವ ಕೆಲಸದ ಶಬನಮ ಮಾತ್ರ ಪಕ್ಕದ ಟೇಬಲ್ಲಿನಿಂದ ಇಬ್ಬರನ್ನೂ ನೋಡುತ್ತಿದ್ದಳು, ಪುಕ್ಕಟೆ.

ಮೇಲ್ ಹೋದ ಮರುದಿನದಿಂದ ಟಿಪ್ಪಣಿ ನಿಂತಿತು. ಶನಿವಾರ ಡಬ್ಬಿ ಬಂತು, ಅವನು ಬರಲಿಲ್ಲ. ಟಿಕೋಟಾ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ್ದ.

"ನಿನ್ನ ಶನಿವಾರ ಬರಲಿಲ್ಲಲ್ಲ?" ಎಂದಳು ಶಬನಮ.

"ನನ್ನ ಶನಿವಾರ ಯಾವುದದು?" ಎಂದು ನಂದಾ ಕೀಬೋರ್ಡಿನ ಧೂಳು ಒರೆಸಿದಳು. ಅಲ್ಲಿ ಧೂಳಿರಲಿಲ್ಲ.

ಎರಡನೆಯ ಶನಿವಾರವೂ ಹಾಗೇ ಹೋಯಿತು. ಫೋನು ಮಾಡಿದರೆ ಹೂಂ, ಸರಿ, ಕಳಸತೇನ್ರಿ, ಇಷ್ಟೇ. ಮೂರನೆಯ ವಾರ ಸಿದ್ದಲಿಂಗೇಶ ಬಂದು, ಧರ್ಮರಾಜ ಸಾಂಗ್ಲಿಯಲ್ಲಿ ಕೆಲಸ ಹಿಡಿದಿದ್ದಾನೆ, ಸೋಮವಾರ ಹೊರಡುತ್ತಾನೆ, ಅವನ ಜಾಗಕ್ಕೆ ಬರುವವನಿಗೆ ಮೆಸೇಜಿನ ಪ್ರಾಪರ್ಟಿಗಳನ್ನೆಲ್ಲ ಟೈಪಿನ ಸಮೇತ ಒಂದು ಹಾಳೆಯಲ್ಲಿ ಬರೆದುಕೊಡು ಎಂದು ಹೇಳಿ ಹೋದ. ಹುಡುಗ ಚೊಲೋ ಇದ್ದ, ಯಾಕೆ ಬಿಟ್ಟನೋ ತಿಳಿಯದು ಎಂದೂ ಸೇರಿಸಿದ.

ನಂದಾ ಗೋಡೆಯ ಕ್ಯಾಲೆಂಡರಿನಲ್ಲಿ ಸೋಮವಾರದವರೆಗಿನ ದಿನ ಎಣಿಸಿದಳು. ಯಾಕೆ ಎಣಿಸಿದೆನೆಂದು ಹುಡುಕಲು ಹೋಗಲಿಲ್ಲ. ಹಾಳೆ ತೆಗೆದುಕೊಂಡು ಕೂತಳು.

ಶುಕ್ರವಾರ ಮುಂಜಾನೆ ಪಟ್ಟಿ ಬೆಳೆಯಿತು. ಹೊರಟ ಹೊತ್ತು, ಅಂಕಿ. ಊರು, ಅಕ್ಷರ. ತುರ್ತು, ಅಂಕಿ. ರೋಗ, ಹೌದು ಅಥವಾ ಇಲ್ಲ. ಕೊನೆಗೆ ಉಳಿದದ್ದು ಟಿಪ್ಪಣಿ. ನಿಂತುಹೋದದ್ದಾದರೂ ಹಳೆಯ ಮೆಸೇಜುಗಳಲ್ಲಿ ಇತ್ತು. ಪಟ್ಟಿಯಲ್ಲಿ ಒಂದು ಕಾಲಂ ಖಾಲಿ ಬಿಟ್ಟರೆ ಅವಳಿಗೆ ಅನ್ನ ಸೇರುವುದಿಲ್ಲ. ಅವನಿಗೆ ಫೋನು ಹಚ್ಚಿದಳು.

"ಆ ಟಿಪ್ಪಣ್ಯಾಗ ನೀವು ಏನ್ ಕಳಸತಿದ್ರಿ?"

ಆ ಕಡೆ ಬೈಕು ನಿಲ್ಲಿಸಿದ ಸದ್ದು ಕೇಳಿತು.

"ಚ್ಯಾಷ್ಟಿ ಮಾಡಬ್ಯಾಡ್ರಿ, ನಂದಾ ಅವ್ರ," ಎಂದ. "ನಿಲ್ಲಸ್ರಿ ಅಂದ್ರಿ, ನಿಲ್ಲಸೇನಿ. ಅಷ್ಟಕ್ಕ ಬಿಡ್ರಿ."

ಅವಳು ಫೋನನ್ನು ಕೆಳಗಿಟ್ಟು ಸ್ಕ್ರೀನ್ ನೋಡಿದಳು. ಮೊದಲಿನಿಂದಲೂ ಅಲ್ಲಿ ಕಾಣುತ್ತಿದ್ದದ್ದು ಇಷ್ಟೇ: ಟಿಪ್ಪಣಿ, ಬೈಟ್, ಇನ್ನೂರ ಹನ್ನೆರಡು. ಟಿಪ್ಪಣಿ, ಬೈಟ್, ಮುನ್ನೂರ ಆರು. ಹೆಸರು, ಟೈಪು, ಉದ್ದ. ಪರೀಕ್ಷೆಗೆ ಹಾಕಿ ತೆಗೆಯಲು ಮರೆತ ಕಸ ಎಂದುಕೊಂಡಿದ್ದಳು. ಕೊನೆಯದು ಏಳುನೂರು ದಾಟಿದಾಗ ಸಿಟ್ಟು ಬಂದು ಆ ಮೇಲ್ ಬರೆದಿದ್ದಳು.

ಈಗ ಹೊಳೆಯಿತು. ಅವನ ಫೋನಿನ ಲೈಬ್ರರಿ, ಅಂದರೆ ಮೆಸೇಜು ಕಟ್ಟಿ ಕಳಿಸುವ ಸಿದ್ಧ ಕೋಡು, ಅಕ್ಷರವೆಂದು ಕಳಿಸಿದ್ದನ್ನು ಅವಳ ಕಂಪ್ಯೂಟರಿನ ಲೈಬ್ರರಿ ಬರೀ ಬೈಟುಗಳೆಂದು, ಓದಲು ಬಾರದ ಅಂಕಿಗಳ ಸಾಲೆಂದು ಇಳಿಸಿಕೊಳ್ಳುತ್ತಿತ್ತು. ಬೈಟನ್ನು ಮತ್ತೆ ಅಕ್ಷರ ಮಾಡುವ ಒಂದು ಸಾಲು ಅವಳು ಬರೆಯಬೇಕಿತ್ತು. ಊರಿನ ಹೆಸರಿಗೆ ಬರೆದಿದ್ದಳು. ಇದಕ್ಕೆ ಬರೆದಿರಲಿಲ್ಲ. ಅಷ್ಟು ಉದ್ದವಾಗಲು ಕಾರಣವೂ ಇತ್ತು: ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. ಇಂಗ್ಲಿಷಿನಲ್ಲಿ ಬರೆದಿದ್ದರೆ ಅವಳ ಕಣ್ಣು ತಪ್ಪಿಸಿ ಇನ್ನೂ ನಡೆದಿರುತ್ತಿತ್ತೋ ಏನೋ.

ಆ ಒಂದು ಸಾಲು ಬರೆದಳು. ಪರದೆಯ ತುಂಬ ಕನ್ನಡ ಇಳಿಯಿತು.

"ಟಿಕೋಟಾದಾಗ ಬಿಸಲ ಭಾಳ ಐತಿ. ನಿಮ್ಮ ಆಫೀಸಿನ ಫ್ಯಾನು ರಿಪೇರಿ ಆತೇನು? ಫ್ಯಾನಿನ ಚಿಂತಿ ನನಗಿಲ್ಲ, ಅದರ ಕೆಳಗ ಕುಂತವರದೈತಿ."

"ಮಮದಾಪುರ ಕೆರಿ ದಂಡಿಗೆ ಕುರಿ ಕಾಯೋ ಅಜ್ಜ ಕೇಳಿದ, ನಕ್ಕೋತ ಏನ್ ಬರೀತಿಪಾ ಅಂತ. ಎಲಿ ಎಣಸಾಕತ್ತೇನಿ ಅಂದೆ. ಅಂವ ನಂಬಲಿಲ್ಲ."

"ನೀವು ಫೋನ್ ಎತ್ತಿದ ಮ್ಯಾಲ ಹಲೋ ಅನ್ನೂಕಿಂತ ಮೊದಲ ಒಂದ ಉಸರ ತಗೋತೀರಿ. ಅದು ನಂದು ಅಂತ ತಿಳಕೊಂಡೇನಿ."

"ನಿನ್ನೆ ಶನಿವಾರ. ಇಷ್ಟೆಲ್ಲಾ ಓದಿನೂ ನಿಮ್ಮ ಮಾರಿ ಮ್ಯಾಲ ಏನೂ ತೋರಸಲಿಲ್ಲ. ಇಷ್ಟ ಗಟ್ಟಿ ಮನಷ್ಯಾರನ್ನ ನಾ ನೋಡಿಲ್ಲ."

ಇಲ್ಲಿ ಅವಳು ಕನ್ನಡಕ ತೆಗೆದು ಒರೆಸಿ, ಟಿಪ್ಪಣಿಗಳನ್ನು ಮೊದಲಿನಿಂದ ಎಣಿಸಿದಳು. ಎರಡು ತಿಂಗಳಲ್ಲಿ ನಲವತ್ತೊಂದು ದಿನ ಒಬ್ಬನು ಅವಳ ಜೊತೆ ಮಾತಾಡಿದ್ದ. ಅವಳು ಪ್ರತಿದಿನ ಮುಂಜಾನೆ ಆ ಮಾತಿನ ಉದ್ದ ಮಾತ್ರ ನೋಡಿದ್ದಳು.

ಕೊನೆಯದು ಮೇಲ್‌ನ ಹಿಂದಿನ ದಿನದ್ದು. ಘೋಣಸಗಿ, ಬೆಳಿಗ್ಗೆ ಆರು ಹತ್ತು.

"ಇಷ್ಟ ದಿನಾ ಆಟಕ್ಕ ಬರದಂಗ ಬರದೇನಿ, ಇವತ್ತ ಆಟ ಅಲ್ಲ. ನಿಮ್ಮನ್ನ ಮದಿವಿ ಆಗಬೇಕಂತ ನನ್ನ ಮನಸಿನಾಗ ಐತಿ. ಕೇಳೂದು ಸುಲಭ ಅಲ್ಲ, ಯಾಕ ಅನ್ನೂದು ನಿಮಗೂ ಗೊತ್ತೈತಿ. ಹೂಂ ಅಂದ್ರ ಮುಂದಿಂದು ಇಬ್ಬರೂ ನೋಡೂಣು. ಮನಸಿಲ್ಲಂದ್ರ ಕಾರಣಾ ಹೇಳೂದು ಬ್ಯಾಡ, ಬರಿಯೂದು ನಿಲ್ಲಸು ಅನ್ರಿ ಸಾಕು. ಅವತ್ತಿಗೇ ನಿಲ್ಲಸತೇನಿ. ಮತ್ತೊಮ್ಮಿ ಕೇಳೂದಿಲ್ಲ."

ಮತ್ತು ಅವಳು ನಿಲ್ಲಿಸಿ ಎಂದಿದ್ದಳು. ಮಾಲೀಕನಿಗೆ ಪ್ರತಿ ಹಾಕಿ.

ನಂದಾ ಎದ್ದಳು. ಹಾಳೆಯ ಖಾಲಿ ಕಾಲಂ ಖಾಲಿಯೇ ಉಳಿಯಿತು. ಎಲ್ಲಿಗೆ ಎಂದು ಶಬನಮ ಕೇಳಿದಾಗ, ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು. ಆ ದಿನದ ಮೆಸೇಜು ಘೋಣಸಗಿಯ ತೋಟದಿಂದ ಬಂದಿತ್ತು. ಟಿಕೋಟಾ ತನಕ ಒಂದು ಬಸ್ಸು, ಅಲ್ಲಿಂದ ಘೋಣಸಗಿಗೆ ಇನ್ನೊಂದು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಬರೆದು ಅಳಿಸಿದಳು.

ತೋಟದ ಯಜಮಾನಿ ದುಂಡವ್ವ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತ ಕೂತಿದ್ದಳು. ತಾನು ವಿಜಯಪುರದ ಆಫೀಸಿನವಳು ಎಂದು ನಂದಾ ಹೇಳಿದ್ದೇ ಮುದುಕಿಯ ಕೈ ನಿಂತಿತು.

"ಏನಬೇ, ಶಹರದಿಂದ ಮೇಡಮ್ಮ ಬರೂವಷ್ಟು ದೊಡ್ಡ ರೋಗ ಬಂದೈತೇನು ನಮ್ಮ ಬಳ್ಳಿಗೆ?"

"ಬಳ್ಳಿಗೇನಿಲ್ರಿ. ಧರ್ಮರಾಜ ಅವರ ಜೋಡಿ ಒಂದ ಮಾತಿತ್ತು."

"ಒಳಗ ಅದಾನ, ಹೋಗು. ಮೂರ ವಾರಾತು, ಚಾಕ್ಕ ಸಕ್ರಿ ಹಾಕೂದ ಮರತ್ರೂ ಹಂಗ ಕುಡದ ಹೋಗತಾನ. ಮೊದಲ ಹಂಗಿರಲಿಲ್ಲ."

ಅವನು ಬಳ್ಳಿಯ ಚಪ್ಪರದ ಕೆಳಗೆ ಎಲೆಯೊಂದನ್ನು ಮಗುಚಿ ಹಿಡಿದು ನಿಂತಿದ್ದ. ಎಲೆಗಳ ನಡುವಿನಿಂದ ಇಳಿದ ಬಿಸಿಲು ಅವನ ಅಂಗಿಯ ಮೇಲೆ ಚೂರುಚೂರಾಗಿ ಬಿದ್ದಿತ್ತು. ಅವಳನ್ನು ಕಂಡು ಮೊದಲು ಎಲೆ ಬಿಟ್ಟ, ಆಮೇಲೆ ಮತ್ತೆ ಹಿಡಿದುಕೊಂಡ.

"ನಾ ಓದಿರಲಿಲ್ಲ," ಎಂದಳು ನಂದಾ. ದಾರಿಯಲ್ಲಿ ಬರೆದದ್ದೆಲ್ಲ ಮರೆತುಹೋಗಿತ್ತು. "ಒಂದೂ ಓದಿರಲಿಲ್ಲ. ಇವತ್ತ ಮುಂಜಾನೆ ಓದೇನಿ, ನಲವತ್ತೊಂದೂ."

ಬೈಟು, ಅಕ್ಷರ, ತಾನು ಬರೆಯದೆ ಬಿಟ್ಟ ಒಂದು ಸಾಲು, ಎಲ್ಲವನ್ನೂ ನಿಂತಲ್ಲೇ ವಿವರಿಸಿದಳು. ಪ್ರೇಮದ ಇತಿಹಾಸದಲ್ಲಿ ಇಷ್ಟು ತಾಂತ್ರಿಕವಾದ ಕ್ಷಮಾಪಣೆ ಬೇರೆ ಇರಲಿಕ್ಕಿಲ್ಲ. ಅವನು ಕಸುಬಿನವನು, ನಡುವೆ ಒಂದು ಪ್ರಶ್ನೆಯನ್ನೂ ಕೇಳಿದ.

"ಅಂದ್ರ ಶನಿವಾರ ನೀವು ಹಂಗ ಕಲ್ಲಿನಂಗ ಕುಂತಿದ್ದು..."

"ನನಗ ಖರೇನ ಏನೂ ಗೊತ್ತಿರಲಿಲ್ಲ."

ಅವನ ತುಟಿಯವರೆಗೆ ನಗು ಬಂತು, ಆದರೆ ಅಲ್ಲೇ ನಿಂತಿತು.

"ಗೊತ್ತಿದ್ರ ಏನ್ ಅಂತಿದ್ರಿ?" ಎಂದು ಮೆಲ್ಲಗೆ ಕೇಳಿದ. "ನಾ ಯಾರ ಪೈಕಿ, ನೀವು ಯಾರ ಪೈಕಿ, ಪ್ಯಾಟ್ಯಾಗ ಎಲ್ಲಾರಿಗೂ ಗೊತ್ತೈತಿ. ಒಮ್ಮಿ ನಿಮ್ಮಪ್ಪಾರ ಅಂಗಡಿಗೆ ನಿಮ್ಮ ಚಾರ್ಜರ ಕೊಡಾಕ ಬಂದಿದ್ನಲ್ರಿ. ನನಗ ಪೇಪರ ಕಪ್ಪಿನ್ಯಾಗ ನೀರ ಕೊಟ್ರು."

ನಂದಾಳ ತಂದೆ ಅಮರಪ್ಪನದು ಪಾತ್ರೆ ಅಂಗಡಿ. ನೆಲದಿಂದ ಮಾಳಿಗೆಯವರೆಗೆ ಸ್ಟೀಲ್ ಲೋಟಗಳು. ಆ ದಿನ ಅವಳು ಅಲ್ಲೇ ನಿಂತಿದ್ದಳು. ಆ ಕಪ್ಪನ್ನು ನೋಡಿದ್ದಳು, ನೋಡಿ ಓದಿರಲಿಲ್ಲ. ಬೈಟುಗಳ ತಪ್ಪನ್ನು ಲೈಬ್ರರಿಯ ಮೇಲೆ ಹಾಕಬಹುದಿತ್ತು. ಇದನ್ನು ಯಾರ ಮೇಲೆ ಹಾಕುವುದು?

"ನಾ ನೋಡೇನಿ," ಎಂದಳು. "ಸುಮ್ಮ ನಿಂತಿದ್ದೆ. ಅದು ನನ್ನ ತಪ್ಪು."

ಅವನು ಹೌದೆಂದು ತಲೆಯಾಡಿಸಿದ. ಸಮಾಧಾನ ಮಾಡಲು ಹೋಗದಿದ್ದದ್ದು ಅವಳಿಗೆ ಒಳ್ಳೆಯದೆನಿಸಿತು.

"ಧರ್ಮರಾಜ, ಕೇಳಿಲ್ಲೆ." ಅವಳ ಬಾಯಲ್ಲಿ ಬರೀ ಹೆಸರು ಬಂದದ್ದು ಅದೇ ಮೊದಲು. "ನೀ ನಲವತ್ತೊಂದ ಸಲ ಬರದಿ, ನಾ ಒಂದ ಸಲ ಹೇಳತೇನಿ. ನಿನ್ನ ಮ್ಯಾಲ ನನಗ ಮನಸೈತಿ. ಎರಡ ಶನಿವಾರ ಬಾಗಲಾ ನೋಡಿ ನೋಡಿ ಸಾಕಾಗೇತಿ. ಸಾಂಗ್ಲಿ ಕೆಲಸಾ ಚೊಲೋ ಐತಿ ಅಂತ ಹೋಗೂದಿದ್ರ ಹೋಗು. ನನ್ನ ಮೇಲ್ ಓದಿ ಹೋಗಬ್ಯಾಡ."

ಅವನು ತಲೆ ಎತ್ತಿ ಅವಳನ್ನೇ ನೋಡಿದ. ಇಬ್ಬರ ನಡುವೆ ನೋಟ ಸರಿಸಲು ಸ್ಕ್ರೀನ್ ಇರಲಿಲ್ಲ. ಅವಳೂ ಕಣ್ಣು ತೆಗೆಯಲಿಲ್ಲ.

"ಚೊಲೋ ಏನಿಲ್ಲರಿ ಅದು," ಎಂದ ಕೊನೆಗೆ. "ದೂರ ಐತಿ ಅಂತ ಹಿಡದಿದ್ದೆ."

"ಇನ್ನೂ ರಿ ಹಚ್ಚತಿಯಲ್ಲ."

"ರೂಢಿ ತಪ್ಪಬೇಕಲ್ರಿ," ಎಂದ. ಅರ್ಧದಲ್ಲಿ ನಿಂತಿದ್ದ ನಗು ಆಗ ಪೂರ್ತಿಯಾಯಿತು. ಬಹಳ ಹೊತ್ತು ಉಳಿಯಲಿಲ್ಲ. "ನಿಮ್ಮಪ್ಪಾರಿಗೆ ಯಾರ ಹೇಳೂದು?"

ಅವಳು ಚೀಲದಿಂದ ಫೋನು ತೆಗೆದಳು.

"ಈಗ ಬ್ಯಾಡ. ವಿಚಾರ ಮಾಡಿ ಹೇಳಿದ್ರಾತು."

"ಮನಿಗೆ ಹೋಗಿ ಮುಟ್ಟೂತನಕ ಈ ಧೈರ್ಯ ಇರತೈತೋ ಇಲ್ಲೋ ನನಗ ಗೊತ್ತಿಲ್ಲ."

ಅಮರಪ್ಪ ಎತ್ತಿಕೊಂಡಾಗ ಹಿಂದೆ ಪಾತ್ರೆಗಳ ಸದ್ದು, ಗಿರಾಕಿಯೊಬ್ಬಳ ಚೌಕಾಸಿ ಕೇಳುತ್ತಿತ್ತು. ಎಲ್ಲಿ ಅದಿ ಎಂದು ಕೇಳಿದ.

"ಘೋಣಸಗ್ಯಾಗ ಅದೇನಿ, ಅಪ್ಪಾ. ಧರ್ಮರಾಜನ ಜೋಡಿ. ಆಫೀಸಿನ ಕೆಲಸಕ್ಕ ಬಂದಿಲ್ಲ."

ಪಾತ್ರೆಗಳ ಸದ್ದು ನಿಂತಿತು. ತಂದೆ ಅಂಗಡಿಯ ಒಳಕೋಣೆಗೆ ನಡೆದಿರಬೇಕು. ಅವನ ಉಸಿರು ಹತ್ತಿರದಲ್ಲೇ ಕೇಳತೊಡಗಿತು. ಮನೆಗೆ ಬಾ, ಮಾತಾಡೋಣ ಎಂದ. ದನಿ ಏರಿರಲಿಲ್ಲ. ಏರಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ಬರತೇನಿ. ಐತವಾರ ಅಂವನೂ ಬರತಾನ. ಅಂಗಡಿಗಲ್ಲಪ್ಪಾ, ಮನಿಗೆ."

ಅಮರಪ್ಪ ಹೂಂ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಫೋನು ಇಡಲೂ ಇಲ್ಲ. ನಂದಾಳೂ ಇಡಲಿಲ್ಲ. ಆ ಕಡೆಯ ಮೌನ ಎಷ್ಟು ಉದ್ದವಿದ್ದರೂ ಕೇಳಿಯೇ ತೀರುತ್ತೇನೆ ಎಂಬಂತೆ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಳು. ಧರ್ಮರಾಜ ಹತ್ತಿರ ಬಂದು, ಮಣ್ಣಾದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಅವಳ ಇನ್ನೊಂದು ಕೈಯನ್ನು ಹಿಡಿದ.