ನೊರೆ ಬಾರದ ಮಳೆನೀರು

ಸೆಪ್ಟೆಂಬರ್ 8, ಭಾನುವಾರ, ಬೆಳಿಗ್ಗೆ 7.40. ಕಾಗವಾಡದ ಪೊಲೀಸ್ ವಸತಿಗೃಹದ ಹಿತ್ತಲಲ್ಲಿ ಪಿಎಸ್‌ಐ ದಾನೇಶ್ವರಿ ಸಮವಸ್ತ್ರಕ್ಕೆ ಸಾಬೂನು ತಿಕ್ಕುತ್ತಿದ್ದರು. ಹೆಡ್ ಕಾನ್‌ಸ್ಟೇಬಲ್ ಮಾಯಪ್ಪ, ಶಿರಗುಪ್ಪಿಯಲ್ಲಿ ದ್ರಾಕ್ಷಿ ಬೆಳೆಯುವ ಗಿರಿಜವ್ವನನ್ನು ಕರೆತಂದ. ಆಕೆಯ ಕೈಯಲ್ಲಿ ಎರಡು ಬಾಟಲಿಗಳಿದ್ದವು.

“ಮಳಿ ಬಿದ್ದ ಮರುದಿನ ನನ್ನ ಬಳ್ಳಿ ಎಲಿ ಸುಡತಾವ್ರಿ, ಮ್ಯಾಡಮ್ಮಾರ. ಹಿಂಗಾದ್ರ ಬಳ್ಳಿ ಕಿತ್ತ ಒಗೀಬೇಕು. ಊರ ಬಾಜೂದ ಫೌಂಡ್ರಿ ಹೊಗಿ ಮಳ್ಯಾಗ ಹುಳಿ ಬೆರಸತೈತಿ ಅಂತ ನಮ್ಮ ದ್ರಾಕ್ಷಿ ಬೆಳೆಗಾರರ ಸಂಘದಿಂದ ನೀರು ಪರೀಕ್ಷಾಕ್ಕ ಕಳಿಸಿದ್ವಿ. ಹುಳಿ ಇಲ್ಲ ಅಂತ ಬಂತು. ಉಳದ ನೀರೂ ವಾಪಸ್ ಬಂತು. ಅದು ನಾ ಹಿಡದ ನೀರಲ್ರಿ.”

“ಹೆಂಗ ಹೇಳ್ತೀರಿ, ಯವ್ವಾ?”

“ಸಾಬೂನು ಕೊಡ್ರಿ ಇಲ್ಲೆ.”

ಈಚೆಗೆ ಬೋರಿನ ಗಡಸು ನೀರಿನಲ್ಲಿ ಬೇಳೆ ಬೇಯದೆ, ಗಿರಿಜವ್ವ ಮಳೆನೀರನ್ನು ಕೊಡದಲ್ಲಿ ಹಿಡಿದಿಡುತ್ತಿದ್ದಳು. ಒಂದು ಬಾಟಲಿಯಲ್ಲಿ ತಂದಿದ್ದ ಆ ನೀರಿಗೆ ಸಾಬೂನು ತಿಕ್ಕಿದೊಡನೆ ನೊರೆ ಬುಗ್ಗೆಂದಿತು. ಇನ್ನೊಂದರಲ್ಲಿದ್ದ, ವಾಪಸ್ ಬಂದ ನೀರಿನಲ್ಲಿ ಬಿಳಿ ಜಿಡ್ಡು ಕಟ್ಟಿತಷ್ಟೆ.

“ಬೋರಿನ ನೀರಿಗೆ ಮಳಿ ಅಂತ ಹೆಸರಿಟ್ಟಾರ,” ಎಂದ ಮಾಯಪ್ಪ. “ನಾಮಕರಣಕ್ಕ ಪೇಡೆ ಹಂಚಿದ್ರೋ ಇಲ್ಲೋ.”

9.15ಕ್ಕೆ ಎಫ್‌ಐಆರ್ ದಾಖಲಾಯಿತು. ರಸಾಯನಶಾಸ್ತ್ರದ ಉಪನ್ಯಾಸಕಿ ರೂಪಾಲಿ ಫೋನಿನಲ್ಲಿ ಬಿಡಿಸಿ ಹೇಳಿದರು: ಹುಳಿಮಳೆ, ಅಂದರೆ ಆಮ್ಲಮಳೆ, ಇಲ್ಲಿನ ಸುಣ್ಣದ ನೆಲಕ್ಕಿಳಿದರೆ, ಸುಣ್ಣ ಆ ಹುಳಿಯನ್ನು ನುಂಗಿ ತಾನು ಕರಗುತ್ತದೆ. ಬೋರಿನ ನೀರಿನಲ್ಲಿ ಹುಳಿ ಸಿಗುವುದಿಲ್ಲ, ಗಡಸುತನ ಮಾತ್ರ ಏರುತ್ತದೆ. “ಎಲಿ ಮ್ಯಾಲ ಬಿದ್ದ ಹನಿಗೆ ಸುಣ್ಣ ಎಲ್ಲಿಂದ ಬರಬೇಕ್ರಿ?”

ಪರೀಕ್ಷೆಗೆ ಹೋಗುವ ಬಾಟಲಿಗಳಿಗೆ ಅರಗಿನ ಮುದ್ರೆ ಹಾಕುತ್ತಿದ್ದವನು ಸಂಘದ ನೌಕರ ಸಂಭಾಜಿ. ದಾನೇಶ್ವರಿ ಅವನನ್ನು ಸಂಘದ ಕಚೇರಿಗೆ ಕರೆಸಿದರು.

“ಮುದ್ರಿ ಯಾರ ಕಡೆ ಇರತೈತಿ?”

“ನನ್ನ ಕಡೇನ್ರಿ.”

“ಬಾಟಲಿ ಇಡೋ ಕಪಾಟಿನ ಕೀಲಿ?”

“ಅದೂ ನನ್ನ ಕಡೇನ್ರಿ.”

“ಗಿರಿಜವ್ವನ ನೀರು?”

ಅವನು ಕೀಲಿಯನ್ನು ಮೇಜಿನ ಮೇಲಿಟ್ಟ.

11.30ಕ್ಕೆ ಇಬ್ಬರು ಪಂಚರೆದುರು ಪಂಚನಾಮೆ ನಡೆಯಿತು. ಕಪಾಟಿನಲ್ಲಿ ಅಸಲು ಮಳೆನೀರಿನ ಏಳು ಬಾಟಲಿಗಳಿದ್ದವು, ತಾರೀಖಿನ ಚೀಟಿ ಸಮೇತ. ಅವುಗಳ ಹಿಂದೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅವನೇ ಬರೆದ ಪತ್ರ. ಅದರಲ್ಲಿ, ಬಣ್ಣ ಬದಲಿಸುವ ಪರೀಕ್ಷಾ ಪಟ್ಟಿ ಅದ್ದಿ ಅವನೇ ಕಂಡುಕೊಂಡ, ಯಾವ ಮಳೆಯಲ್ಲಿ ಎಷ್ಟು ಹುಳಿ ಎಂಬ ಲೆಕ್ಕ. ಜೂನ್‌ನಲ್ಲಿ ಬರೆದದ್ದು, ಸಹಿ ಇರಲಿಲ್ಲ.

“ನೀರು ಚೆಲ್ಲಬಾರದೇನಲೇ ತಮ್ಮಾ?” ಎಂದ ಮಾಯಪ್ಪ. “ಕಳ್ಳತನಾನೂ ನೆಟ್ಟಗ ಕಲೀಲಿಲ್ಲ.”

“ಆ ಗಿರಿಜವ್ವ ಮಾವಶಿ ಮಳ್ಯಾಗ ತೋಯಿಸ್ಕೊಂಡು ಹಿಡದ ನೀರ್ರಿ. ಚೆಲ್ಲಾಕ ಮನಸ್ಸು ಬರಲಿಲ್ಲ.”

12.20ಕ್ಕೆ ಬಂಧನವಾಯಿತು. ಅವನಿಗೆ ಯಾರೂ ಲಂಚ ಕೊಟ್ಟಿರಲಿಲ್ಲ. ಹೆಂಡತಿ ಸುಂದರಾ ಅದೇ ಫೌಂಡ್ರಿಯಲ್ಲಿ ಮರಳು ಸೋಸುತ್ತಾಳೆ. ಅವರ ಓಣಿಯ ಹದಿನಾಲ್ಕು ಮನೆಗಳು ಆ ಚಿಮಣಿಯನ್ನೇ ನಂಬಿವೆ; ಹುಳಿ ಸಾಬೀತಾದರೆ ಅದು ಮುಚ್ಚೀತೆಂದು ಅವನು ನೀರು ಬದಲಿಸಿದ್ದ. ಪತ್ರ ಬರೆದವನೂ ಅವನೇ, ತಡೆದವನೂ ಅವನೇ.

ಠಾಣೆಯಲ್ಲಿ ಸಂಭಾಜಿ ದಾನೇಶ್ವರಿಯವರನ್ನು ಕೇಳಿದ, “ಆ ಪತ್ರ ಏನ್ ಮಾಡ್ತೀರಿ?”

“ಅದು ಕೋರ್ಟಿಗೆ ಹೋಗತೈತಿ. ಮಂಡಳಿಗೆ ಇನ್ನೊಂದು ಬರದ್ರ ನಾ ಕಳಿಸ್ತೀನಿ. ಒತ್ತಾಯ ಇಲ್ಲ.”

ಅವನು ಹಾಳೆ ಕೇಳಿ ಪಡೆದು, ಬರೆದು, ಕೆಳಗೆ ಪೂರ್ತಿ ಹೆಸರಿನ ಸಹಿ ಹಾಕಿದ.

ಸೋಮವಾರ ಬೆಳಿಗ್ಗೆ 10.10ಕ್ಕೆ ಮಾಯಪ್ಪ ಮಂಡಳಿಗೆ ಬರೆದ ಆ ಹೊಸ ಪತ್ರವನ್ನು ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಿದ.